ಕಂಡದ್ದನ್ನು ಮಾತ್ರ

ಸಿಲ್ವರ್ ಗ್ಯಾಪ್, ಕೊಲೊರಾಡೊ
12 ನವೆಂಬರ್ 2018

ಮಾರ್ಲಾ ಹಿಕ್ಸ್‌ಗೆ,

ನಾನು ಎಲೋಯ್ಸಾ ಆರ್ಚುಲೆಟಾ. ಈ ತಿಂಗಳ ಒಂದನೇ ತಾರೀಖಿನಿಂದ ನಿನ್ನ ಮಗ ನನ್ನ ಮನೆಯಲ್ಲಿದ್ದಾನೆ. ನನಗೆ ಅರವತ್ತೆರಡು, ನಿನಗೆ ಇಪ್ಪತ್ತಮೂರಂತೆ, ಆದ್ದರಿಂದ ನೀನು ಎಂದೇ ಬರೆಯುತ್ತೇನೆ. ಕೋರ್ಟು ಕಳಿಸಿದ ಒಂಬತ್ತು ಮಕ್ಕಳನ್ನು ಈ ಮನೆಯಲ್ಲಿ ಸಾಕಿದ್ದೇನೆ. ಮೂಗಿಗೆ ಪೈಪು ಸಿಕ್ಕಿಸಿಕೊಂಡು ಬಂದವನು ಇವನೊಬ್ಬನೇ.

ಐದು ತಿಂಗಳಾಗಿದ್ದರೂ ಎರಡು ತಿಂಗಳ ಮಗುವಿನಷ್ಟಿದ್ದಾನೆ. ಹಗಲೂ ರಾತ್ರಿ ನಿಮಿಷಕ್ಕೆ ಕಾಲು ಲೀಟರು ಆಕ್ಸಿಜನ್ ಬೇಕು. ಯಂತ್ರ ಅಡುಗೆಮನೆಯ ಮೂಲೆಯಲ್ಲಿ ಗುರ್ ಎನ್ನುತ್ತಿರುತ್ತದೆ, ಅಲ್ಲಿಂದ ಐವತ್ತು ಅಡಿ ಪೈಪು, ನಾನು ದಿನಕ್ಕೆ ನಾಲ್ಕು ಸಲ ಅದನ್ನು ಎಡವುತ್ತೇನೆ. ಅವನ ಪಾದಕ್ಕೊಂದು ಪಟ್ಟಿ ಕಟ್ಟಿರುತ್ತೇವೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅದು ತೋರಿಸುತ್ತದೆ. ತೊಂಬತ್ತಕ್ಕಿಂತ ಇಳಿದರೆ ಕೂಗಿಕೊಳ್ಳುತ್ತದೆ. ಆಕ್ಸಿಜನ್ ಇರುವ ಮನೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಮೂವತ್ತೆಂಟು ವರ್ಷ ಗ್ಯಾಸಿನ ಉರಿಯ ಮೇಲೆ ರೊಟ್ಟಿ ಸುಟ್ಟವಳು ಈಗ ಕರೆಂಟಿನ ತಟ್ಟೆಯ ಮುಂದೆ ನಿಂತಿದ್ದೇನೆ. ಇರಲಿ. ಗುಬ್ಬಿ ಚೆನ್ನಾಗಿದ್ದಾನೆ. ನಾನು ಅವನನ್ನು ಗುಬ್ಬಿ ಎಂದು ಕರೆಯುತ್ತೇನೆ.

ಎರಡು ವಾರಕ್ಕೊಮ್ಮೆ ಶನಿವಾರ, ಹನ್ನೊಂದರಿಂದ ಒಂದರವರೆಗೆ ನೀನು ನನ್ನ ಮನೆಗೆ ಬಂದು ಅವನನ್ನು ನೋಡಬಹುದು. ಈ ಜಿಲ್ಲೆಗೆಲ್ಲ ಮಕ್ಕಳ ಕಚೇರಿಯಲ್ಲಿ ಮಿಸ್ ಪೆಟ್ರಿ ಒಬ್ಬಳೇ ಇರುವುದರಿಂದ ಭೇಟಿಯ ಮೇಲುಸ್ತುವಾರಿ ನನ್ನದೇ. ನಾನು ದಿನಚರಿ ಬರೆದು ಕಚೇರಿಗೆ ಕೊಡಬೇಕು. ಅದಕ್ಕೆ ಒಂದೇ ನಿಯಮ: ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಬೇಕು, ಅನಿಸಿದ್ದನ್ನು ಬರೆಯಬಾರದು.

ಬಟ್ಟೆಯಲ್ಲಿ ಸಿಗರೇಟಿನ ವಾಸನೆ ಇದ್ದರೆ ಒಳಗೆ ಬಿಡುವುದಿಲ್ಲ. ಫೋನ್ ಮಾಡಬೇಡ, ಕಾಗದ ಬರೆ. ಮಾತು ಗಾಳಿಗೆ ಹೋಗುತ್ತದೆ, ಕಾಗದ ಉಳಿಯುತ್ತದೆ.

ಎಲೋಯ್ಸಾ ಆರ್ಚುಲೆಟಾ


ಪ್ಯೂಬ್ಲೋ
20 ನವೆಂಬರ್ 2018

ಮಿಸೆಸ್ ಆರ್ಚುಲೆಟಾ ಅವರಿಗೆ,

ಅವನ ಹೆಸರು ಎಮೆಟ್. ನನ್ನ ತಾತನ ಹೆಸರು. ಗುಬ್ಬಿ ಅಲ್ಲ, ಗಿಳಿ ಅಲ್ಲ, ಎಮೆಟ್. ನನ್ನಿಂದ ಎಲ್ಲವನ್ನೂ ಕಿತ್ತುಕೊಂಡಿದ್ದಾರೆ, ಹೆಸರನ್ನಾದರೂ ಬಿಡಿ.

ಫೋನ್ ಮಾಡಲು ನನ್ನ ಹತ್ತಿರ ಫೋನೇ ಇಲ್ಲ. ನಾನಿರುವುದು ನಶೆ ಬಿಟ್ಟವರ ಮನೆ. ಹನ್ನೊಂದು ಹೆಂಗಸರು, ಎರಡು ಬಚ್ಚಲು. ಬೆಳಗ್ಗೆ ಆರಕ್ಕೆ ಎದ್ದು ಒಂದು ಲೋಟಕ್ಕೆ ಉಚ್ಚೆ ಹೊಯ್ದು ಕೊಟ್ಟು, ಮಡಚುವ ಕುರ್ಚಿಗಳ ಮೇಲೆ ಸುತ್ತ ಕೂತು ನಮ್ಮ ನಮ್ಮ ತಪ್ಪು ಹೇಳಿಕೊಂಡು, ಆಮೇಲೆ ಹೋಟೆಲೊಂದರ ಲಾಂಡ್ರಿಗೆ ಹೋಗಿ ಸಂಜೆಯವರೆಗೆ ಬೇರೆಯವರ ಹಾಸಿಗೆ ಬಟ್ಟೆ ಒಗೆಯುತ್ತೇನೆ. ನಶೆಯ ಮಾತ್ರೆ ಮುಟ್ಟದೆ ನೂರ ಮೂವತ್ತೊಂದು ದಿನವಾಯಿತು. ಇದನ್ನೂ ನಿಮ್ಮ ದಿನಚರಿಯಲ್ಲಿ ಬರೆದುಕೊಳ್ಳಿ, ಕೇಳಿದ್ದನ್ನೂ ಬರೆಯಬೇಕು ತಾನೆ.

ಆಸ್ಪತ್ರೆಯಲ್ಲಿದ್ದಾಗ ಅವನ ಬಲಗಿವಿಯ ಹಿಂದೆ ಬೆರಳಿನಿಂದ ಸವರಿದರೆ ಹಾಲು ಕುಡಿಯುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದ. ಈಗಲೂ ನೋಡುತ್ತಾನಾ?

ಡಿಸೆಂಬರ್ ಒಂದರಂದು ಬರುತ್ತೇನೆ. ನಾನು ಸಿಗರೇಟು ಸೇದುವುದಿಲ್ಲ. ಕೇಳದೆಯೇ ನಿರ್ಧಾರ ಮಾಡಿದ್ದಕ್ಕೆ ಧನ್ಯವಾದ.

ಮಾರ್ಲಾ


ಸಿಲ್ವರ್ ಗ್ಯಾಪ್
3 ಡಿಸೆಂಬರ್ 2018

ಮಾರ್ಲಾ,

ಶನಿವಾರ ನಡೆದದ್ದನ್ನು ದಿನಚರಿಯಲ್ಲಿ ಏನು ಬರೆದಿದ್ದೇನೋ ಅದನ್ನೇ ನಿನಗೂ ಬರೆಯುತ್ತೇನೆ. ಬೆನ್ನ ಹಿಂದೆ ಬರೆಯುವವಳು ನಾನಲ್ಲ.

“ತಾಯಿ 11.20ಕ್ಕೆ ಬಂದಳು. ಮೆಟ್ಟಿಲು ಹತ್ತುವಾಗ ಎರಡು ಸಲ ತೂರಾಡಿದಳು. ಕಣ್ಣು ಕೆಂಪಗಿತ್ತು. ಮಾತು ತಡವರಿಸುತ್ತಿತ್ತು. ಮಗುವನ್ನು ಎತ್ತಿಕೊಂಡು ಹತ್ತು ನಿಮಿಷವೂ ಆಗಿರಲಿಲ್ಲ, ಅಡುಗೆಮನೆಯ ತೊಟ್ಟಿಯಲ್ಲಿ ವಾಂತಿ ಮಾಡಿಕೊಂಡಳು. 12ಕ್ಕೆ ಭೇಟಿ ನಿಲ್ಲಿಸಲಾಯಿತು.”

ಇದರಲ್ಲಿ ಸುಳ್ಳಿದ್ದರೆ ತೋರಿಸು.

ಮಗುವನ್ನು ಕೊಡುವಾಗ ಪೈಪು ನಿನ್ನ ಅಂಗಿಯ ಗುಂಡಿಗೆ ಸಿಕ್ಕಿಕೊಂಡು ಅವನ ಕೆನ್ನೆಯ ಮೇಲಿನ ಅಂಟುಪಟ್ಟಿ ಕಿತ್ತು ಬಂತು. ಆಮೇಲೆ ಅವನನ್ನು ಸಮಾಧಾನ ಮಾಡಲು ನನಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಕಿವಿಯ ಹಿಂದೆ ಸವರಿದರೆ ಈಗಲೂ ನೋಡುತ್ತಾನೆ.

ಎಲೋಯ್ಸಾ


ಪ್ಯೂಬ್ಲೋ
9 ಡಿಸೆಂಬರ್ 2018

ಮಿಸೆಸ್ ಆರ್ಚುಲೆಟಾ,

ಭಾನುವಾರ ಬೆಳಗ್ಗೆಯೇ ಇಲ್ಲಿ ನನ್ನ ಉಚ್ಚೆ, ರಕ್ತ ಎರಡನ್ನೂ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಕಾಗದ ಮಿಸ್ ಪೆಟ್ರಿಗೆ ಹೋಗಿದೆ. ಅವಳು ಏನೆಂದಳು ಗೊತ್ತೇ? “ನೋಡಮ್ಮಾ, ಕೆಲವು ಮಾಲು ಪರೀಕ್ಷೆಗೆ ಸಿಕ್ಕಲ್ಲ. ಅವರು ಕಣ್ಣಾರೆ ಕಂಡಿದಾರೆ.” ನನ್ನ ರಕ್ತಕ್ಕಿಂತ ನಿಮ್ಮ ಕಣ್ಣಿಗೆ ಬೆಲೆ ಹೆಚ್ಚು.

ನನಗೆ ಏನಾಯಿತೋ ನನಗೂ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗಲೇ ತಲೆ ಸಿಡಿಯತೊಡಗಿತ್ತು. ನಿಮ್ಮ ಬಾಗಿಲಿಗೆ ಬರುವ ಹೊತ್ತಿಗೆ ನೆಲ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವನನ್ನು ಎತ್ತಿಕೊಂಡಾಗ, ಆ ಪೈಪು, ಆ ಪುಟ್ಟ ಮೂಗು, ಕೆನ್ನೆಯ ಮೇಲೆ ಅಂಟಿನ ಕೆಂಪು ಗುರುತು ಎಲ್ಲ ನೋಡಿದಾಗ, ಇದೆಲ್ಲ ನನ್ನ ಕೈಯಾರೆ ಆದದ್ದು ಅನಿಸಿ ಹೊಟ್ಟೆ ತೊಳಸಿಬಿಟ್ಟಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ನನ್ನ ಮಗನನ್ನು ಎತ್ತಿಕೊಂಡರೆ ವಾಂತಿ ಬರುತ್ತದೆ. ಇದನ್ನು ಮಡಚುವ ಕುರ್ಚಿಯ ಸಭೆಯಲ್ಲೂ ಹೇಳಿಲ್ಲ. ನಿಮಗೆ ಯಾಕೆ ಹೇಳುತ್ತಿದ್ದೇನೋ.

ಇದು ಅನಿಸಿದ್ದು, ಕಂಡದ್ದಲ್ಲ. ಆದ್ದರಿಂದ ಬರೆದುಕೊಳ್ಳಬೇಡಿ.

ಮಾರ್ಲಾ


ಸಿಲ್ವರ್ ಗ್ಯಾಪ್
14 ಜನವರಿ 2019

ಮಾರ್ಲಾ,

ಹಿಮಕ್ಕೆ ಘಾಟಿ ಮುಚ್ಚಿ ಎರಡು ಭೇಟಿ ತಪ್ಪಿದಮೇಲೆ, ಇದೇ ಐದರಂದು ಎರಡನೇ ಸಲವೂ ಹಾಗೆಯೇ ಆಯಿತು, ನಿನಗೇ ಗೊತ್ತು. ಈ ಸಲ ನನ್ನ ಅಂಗಳದ ಹಿಮದ ಮೇಲೆ ಕೂತುಬಿಟ್ಟೆ. ಭೇಟಿ ನಿಲ್ಲಿಸಿದ್ದು ಕಚೇರಿ, ನಾನಲ್ಲ. ನಾನು ಕಂಡದ್ದನ್ನು ಬರೆದೆ.

ಮಗುವಿನ ಸುದ್ದಿ. ನರ್ಸ್ ಟ್ವೈಲಾ ವಾರಕ್ಕೊಮ್ಮೆ ಬರುತ್ತಾಳೆ. ಗುರುವಾರ ಅವಳ ಮುಂದೆಯೇ ಅರ್ಧ ಗಂಟೆ ಪೈಪು ತೆಗೆದು ನೋಡಿದೆವು. ಎಂಬತ್ತನಾಲ್ಕಕ್ಕೆ ಇಳಿಯಿತು, ತುಟಿ ಕಪ್ಪಾಯಿತು. ಮತ್ತೆ ಹಾಕಿದೆವು. ಶ್ವಾಸಕೋಶದ ಡಾಕ್ಟರು ದೂರದ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಕಂಪ್ಯೂಟರಿನ ಪರದೆಯಲ್ಲಿ ನೋಡುತ್ತಾರೆ. ಪೈಪು ಇರಲಿ ಎಂದರು. ಮೇ ಇಪ್ಪತ್ತೊಂದರಂದು ಕೋರ್ಟಿದೆ. ಅಂದು ನ್ಯಾಯಾಧೀಶರು ಅವನು ಎಲ್ಲಿರಬೇಕು ಎಂದು ತೀರ್ಮಾನಿಸುತ್ತಾರೆ.

ಅವನು ನಗಲು ಶುರು ಮಾಡಿದ್ದಾನೆ. ಚಮಚ ಕೆಳಗೆ ಬಿದ್ದರೆ ನಗುತ್ತಾನೆ. ಅದಕ್ಕೇ ದಿನವಿಡೀ ಚಮಚ ಬೀಳಿಸುತ್ತಾ ಕೂತಿದ್ದೇನೆ, ಈ ವಯಸ್ಸಿನಲ್ಲಿ. ನನ್ನ ಗಂಡ ಬೆನ್ನಿ ಇದ್ದಿದ್ದರೆ ನನ್ನನ್ನು ಆಡಿಕೊಂಡು ಸಾಯುತ್ತಿದ್ದ. ಸತ್ತದ್ದಂತೂ ಹೌದು. ಗಣಿಯ ಧೂಳು ಎದೆ ತುಂಬಿತ್ತು. ಕೆಳಗಿನ ಊರಿಗೆ ಹೋಗು ಎಂದು ಡಾಕ್ಟರು ಹೇಳಿದರೂ ನಾವು ಹೋಗಲಿಲ್ಲ. ಇದೇ ಅಡುಗೆಮನೆಯ ಮೂಲೆಯಲ್ಲಿ ಆಗ ಅವನ ಯಂತ್ರವಿತ್ತು.

ಅಂಗಳದಲ್ಲಿ ನಿನ್ನ ಟೋಪಿ ಬಿದ್ದಿತ್ತು. ಒಗೆದು ಇದರ ಜೊತೆ ಕಳಿಸಿದ್ದೇನೆ.

ಎಲೋಯ್ಸಾ


ಪ್ಯೂಬ್ಲೋ
2 ಫೆಬ್ರವರಿ 2019

ಮಿಸೆಸ್ ಆರ್ಚುಲೆಟಾ,

ಟೋಪಿ ಸಿಕ್ಕಿತು. ಅದರಲ್ಲಿ ನಿಮ್ಮ ಮನೆಯ ಸುಟ್ಟ ಮೆಣಸಿನಕಾಯಿಯ ವಾಸನೆ ಇದೆ. ಅವನ ಮೈಯೂ ಹೀಗೇ ಇರಬೇಕು ಎಂದುಕೊಂಡು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ.

ಬೇಡಿಕೊಳ್ಳುವುದು ನನ್ನ ಜಾಯಮಾನವಲ್ಲ. ಆದರೂ ಕೇಳುತ್ತೇನೆ. ಅವನಿಗೆ ಆಕ್ಸಿಜನ್ ಎಂದೆಂದಿಗೂ ಬೇಕಾ? ಮಿಸ್ ಪೆಟ್ರಿ ಹೇಳುತ್ತಾಳೆ, “ಪೈಪು ಇರೋ ಮಗೂನ ಇಂಥ ಮನೆಗೆ ಕಳ್ಸಕ್ಕಾಗಲ್ಲ. ಎರಡು ಸಲ ತೆಗೆದು ನೋಡಿದಾರೆ, ಎರಡು ಸಲಾನೂ ಫೇಲು.” ಹಾಗಾದರೆ ನಾನು ಮಾತ್ರೆ ಬಿಟ್ಟರೂ, ಕೆಲಸ ಹಿಡಿದರೂ, ರಬ್ಬರು ಬೊಂಬೆಯ ಎದೆ ಒತ್ತಿ ಉಸಿರು ಕೊಡುವುದನ್ನು ಕಲಿತರೂ, ಮೂರು ಸಲ ಕಲಿತಿದ್ದೇನೆ, ಏನೂ ಉಪಯೋಗವಿಲ್ಲ. ಎಲ್ಲ ನಿಂತಿರುವುದು ಆ ಒಂದು ಅಂಕಿಯ ಮೇಲೆ.

ನನಗೆ ಮೇಲೆ ಬರುವ ಅಪ್ಪಣೆ ಇಲ್ಲ. ನೀವೇ ಒಂದು ಸಲ ಅವನನ್ನು ಇಲ್ಲಿಗೆ ಕರೆತರುತ್ತೀರಾ? ಇಲ್ಲಿ ಮಕ್ಕಳ ಆಸ್ಪತ್ರೆಯ ಶಾಖೆಯಿದೆ, ಅಲ್ಲಿ ತೋರಿಸೋಣ. ನಾನು ಗಾಜಿನ ಆಚೆಯೇ ನಿಲ್ಲುತ್ತೇನೆ. ಮುಟ್ಟುವುದಿಲ್ಲ. ವಾಂತಿ ಬಂದರೂ ನಿಮಗೆ ಕಾಣದ ಹಾಗೆ ಮಾಡಿಕೊಳ್ಳುತ್ತೇನೆ.

ಮಾರ್ಲಾ


ಸಿಲ್ವರ್ ಗ್ಯಾಪ್
11 ಫೆಬ್ರವರಿ 2019

ಮಾರ್ಲಾ,

ಆಗುವುದಿಲ್ಲ. ಚಳಿಗಾಲದಲ್ಲಿ ಘಾಟಿಯ ರಸ್ತೆ ನಂಬುವಂಥದ್ದಲ್ಲ. ಸಿಲಿಂಡರಿನಲ್ಲಿ ನಾಲ್ಕೇ ಗಂಟೆಯ ಆಕ್ಸಿಜನ್ ಇರುತ್ತದೆ. ಇಂಥ ಮಗುವನ್ನು ಒಂದೇ ಕಡೆ ಇಡುವುದು ಒಳ್ಳೆಯದು.

ಪೈಪು ಎಂದೆಂದಿಗೂ ಬೇಕೇ ಎಂದು ಕೇಳಿದ್ದೀಯ. ಡಾಕ್ಟರಲ್ಲದವಳು ನಾನು ಏನು ಹೇಳಲಿ.

ಹಲ್ಲು ಬರುತ್ತಿದೆ.

ಎಲೋಯ್ಸಾ


ಪ್ಯೂಬ್ಲೋ
30 ಮಾರ್ಚ್ 2019

ಎಲೋಯ್ಸಾ,

ಇನ್ನು ಮಿಸೆಸ್ಸೂ ಇಲ್ಲ, ನೀವೂ ಇಲ್ಲ. ನಿನಗೆ ಅಷ್ಟು ಮರ್ಯಾದೆ ಸಾಕು.

ಶುಕ್ರವಾರ ಲಾಂಡ್ರಿಯ ಹೊರಗೆ ಬಸ್ಸಿಗೆ ಕಾಯುತ್ತಿದ್ದೆ. ಬಂದದ್ದು ಸಿಲ್ವರ್ ಗ್ಯಾಪಿನ ಬಸ್ಸು. ಚಾಲಕ ನನ್ನ ಗುರುತು ಹಿಡಿದು ಬಾಗಿಲು ತೆರೆದು ಕೇಳಿದ, “ಏನಮ್ಮಾ, ಈಗೀಗ ಮೇಲಕ್ಕೆ ಬರೋದೇ ಬಿಟ್ಯಲ್ಲ? ಅವತ್ತು ಬಹಳ ಒದ್ದಾಡಿಬಿಟ್ಟೆ ಪಾಪ.” ನನಗೆ ನಾಚಿಕೆಯಾಯಿತು. ನಾನು ಕುಡಿದಿರಲಿಲ್ಲ ಅಂದೆ. ಅವನು ನಕ್ಕುಬಿಟ್ಟ. “ಕುಡಿಯೋದ್ಯಾಕೆ? ಹತ್ತು ಸಾವಿರ ಅಡಿ ಎತ್ತರ ಕಣಮ್ಮಾ. ಗಾಳಿ ತೆಳು. ಬಯಲುಸೀಮೆಯವ್ರು ಒಂದೇ ಏಟಿಗೆ ಮೇಲೆ ಹೋದ್ರೆ ಹಿಂಗೇನೆ. ತಲೆ ಸುತ್ತತ್ತೆ, ವಾಂತಿ ಆಗತ್ತೆ, ನಾಲಿಗೆ ಹೊರಳಲ್ಲ. ನಾನು ಸೀಟಿನ ಕೆಳಗೆ ಚೀಲ ಇಟ್ಕೊಂಡೇ ಓಡಿಸ್ತೀನಿ. ನಿಂಗೆ ಯಾರೂ ಹೇಳ್ಲಿಲ್ವಾ?”

ಇಲ್ಲ, ಯಾರೂ ಹೇಳಲಿಲ್ಲ. ನಾನು ಹುಟ್ಟಿದ್ದು ಕಾನ್ಸಾಸಿನಲ್ಲಿ, ಅಲ್ಲಿ ದಿಬ್ಬ ಎಂದರೆ ದನ ಮಲಗಿದಷ್ಟು ಎತ್ತರ. ನನಗೆ ಹೇಗೆ ಗೊತ್ತಾಗಬೇಕು?

ಆಮೇಲೆ ನಿನ್ನ ಹೆಸರು ಹೇಳಿದೆ. ಅವನು ಇನ್ನೂ ಜೋರಾಗಿ ನಕ್ಕ. “ಎಲೋಯ್ಸಾನ ಮನೇಗಾ! ಮತ್ತೆ ಅವ್ಳೇ ಹೇಳ್ಬೇಕಿತ್ತಲ್ಲ. ಟೂರಿಸ್ಟ್ ರೈಲಿನ ಸ್ಟೇಷನ್ನಲ್ಲಿ ಇಪ್ಪತ್ತು ವರ್ಷ ಅಂಗಡಿ ಇಟ್ಟಿದ್ಲು. ತಲೆ ತಿರುಗಿ ಬಿದ್ದೋರಿಗೆಲ್ಲ ಉಪ್ಪು ಬಿಸ್ಕತ್ತು, ನೀರು ಕೊಟ್ಟು ಕೂರಿಸ್ತಿದ್ದೋಳು ಅವ್ಳೇ. ದೂರದಿಂದ ನೋಡೇ ಹೇಳ್ತಿದ್ಲು, ಇವ್ನು ಬೀಳ್ತಾನೆ, ಇವ್ಳು ಬೀಳ್ತಾಳೆ ಅಂತ.”

ಬಸ್ಸು ಹೊರಟಮೇಲೂ ನಾನು ಅಲ್ಲೇ ನಿಂತಿದ್ದೆ.

ನಿನಗೆ ಗೊತ್ತಿತ್ತು. ನಾನು ಮೆಟ್ಟಿಲ ಮೇಲೆ ತೂರಾಡಿದಾಗ ಗೊತ್ತಿತ್ತು, ಹಿಮದ ಮೇಲೆ ಕೂತಾಗ ಗೊತ್ತಿತ್ತು. ನಿನ್ನ ಅಡುಗೆಮನೆಯ ಡಬ್ಬಿಯಲ್ಲಿ ಉಪ್ಪು ಬಿಸ್ಕತ್ತು ಇದ್ದದ್ದು ನಾನೇ ನೋಡಿದ್ದೆ, ಒಂದು ಕೊಡಲಿಲ್ಲ. ಅದರ ಬದಲು ದಿನಚರಿ ತೆಗೆದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಲ್ಲವೇ? ಒಂದೇ ಒಂದು ಸುಳ್ಳು ಬರೆಯದೆ ನನ್ನನ್ನು ಮುಗಿಸಿಬಿಟ್ಟೆ.

ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ಡಿಸೆಂಬರಿನ ನನ್ನ ಕಾಗದ ನಿನ್ನ ಹತ್ತಿರ ಇತ್ತು. ಮಗನನ್ನು ಎತ್ತಿಕೊಂಡರೆ ವಾಂತಿ ಬರುತ್ತದೆ ಎಂದು ಬರೆದಿದ್ದೆ. ನಾಲ್ಕು ತಿಂಗಳು ನಾನು ನನ್ನ ಮೈಯನ್ನೇ ಅಸಹ್ಯಪಟ್ಟುಕೊಂಡೆ. ಹೆತ್ತ ಮಗುವನ್ನು ಒಲ್ಲದ ಮೈ ಎಂಥದು ಎಂದು ಲಾಂಡ್ರಿಯ ಬಿಸಿ ಹಬೆಯ ಮುಂದೆ ನಿಂತು ಅತ್ತೆ. ಒಂದು ಸಾಲು ಬರೆದಿದ್ದರೆ ಸಾಕಿತ್ತು. “ಹುಚ್ಚೀ, ಅದು ಗಾಳಿ ಕಣೇ” ಅಂತ. ನೀನು ಟೋಪಿ ಒಗೆದು ಕಳಿಸಿದೆ.

ಇನ್ನೊಂದು. ಗಾಳಿ ನನಗೆ ತೆಳುವಾದರೆ ಅವನಿಗೆ? ನಿನ್ನ ಗಂಡ ಬೆನ್ನಿಗೆ ಡಾಕ್ಟರು ಕೆಳಗಿನ ಊರಿಗೆ ಹೋಗು ಎಂದರು ಎಂದು ನೀನೇ ಬರೆದಿದ್ದೀಯ. ಯಾಕೆ ಹೇಳಿದರು? ಎಮೆಟ್‌ನ ಎಂಬತ್ತನಾಲ್ಕು ಅವನ ಎದೆಯದೋ, ನಿನ್ನ ಬೆಟ್ಟದ್ದೋ?

ಮಿಸ್ ಪೆಟ್ರಿಗೆ ಎಲ್ಲ ಹೇಳಿದೆ. “ಇದು ದಿನಚರಿಯಲ್ಲಿ ಇಲ್ವಲ್ಲ ಮಾರ್ಲಾ,” ಅಂದಳು. ನಿನ್ನ ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ.

ಮಾರ್ಲಾ


ಸಿಲ್ವರ್ ಗ್ಯಾಪ್
6 ಏಪ್ರಿಲ್ 2019

ಮಾರ್ಲಾ,

ಹೌದು, ಗೊತ್ತಿತ್ತು. ಈಗೇನು?

ನಿನಗೆ ಕೋಪ ಬಂದಿದೆ. ಬರಲಿ. ನನಗೆ ಬಂದಿಲ್ಲವೆಂದುಕೊಂಡೆಯಾ? ಇವನು ನನ್ನ ಮನೆಗೆ ಬಂದ ದಿನ ಆಸ್ಪತ್ರೆಯವರು ಕೊಟ್ಟ ಕಾಗದದ ಕಟ್ಟು ಓದಿದೆ. ಆರೂವರೆ ತಿಂಗಳಿಗೇ ಹುಟ್ಟಿದವನು. ಹುಟ್ಟಿದಾಗ ಮೈಯಲ್ಲಿ ನೀನು ನುಂಗಿದ ಮಾತ್ರೆಯ ವಿಷ. ಮೊದಲ ವಾರವೆಲ್ಲ ನಡುಗಿದನಂತೆ, ಅಳಲು ಗಂಟಲಿಗೆ ತ್ರಾಣವಿಲ್ಲದೆ ಬರೀ ಬಾಯಿ ತೆರೆಯುತ್ತಿದ್ದನಂತೆ. ಅದನ್ನು ಓದಿ ಮುಗಿಸಿದಾಗ ನೀನು ನನ್ನ ಕೈಗೆ ಸಿಕ್ಕಿದ್ದರೆ ಕತ್ತು ಹಿಸುಕುತ್ತಿದ್ದೆ. ಹಾಲು ಸಿಕ್ಕಿಕೊಂಡು ನೀಲಿಯಾದಾಗ ಬೆನ್ನು ತಟ್ಟಿದವಳು ನಾನು. ಡಿಸೆಂಬರಿನಲ್ಲಿ ಕರೆಂಟು ಹೋಗಿ ಯಂತ್ರ ನಿಂತಾಗ ಸಿಲಿಂಡರ್ ತಿರುಗಿಸಿ ಅವನನ್ನು ಕೋಟಿನೊಳಗೆ ಕಟ್ಟಿಕೊಂಡು ಹಿಮದಲ್ಲಿ ಪಕ್ಕದ ಮನೆಗೆ ನಡೆದವಳು ನಾನು. ನೀನು ಎರಡು ಸಲ ಬಂದೆ, ಎರಡು ಸಲವೂ ಬಿದ್ದೆ. ಇಂಥವಳಿಗೆ ಇವನನ್ನು ಕೊಡಬೇಕಾ ಎಂದು ಹೊಟ್ಟೆ ಉರಿಯಿತು. ಬಿಸ್ಕತ್ತು ಕೊಡಲು ಕೈ ಬರಲಿಲ್ಲ.

ನಮ್ಮೂರಿನ ಪದ್ಧತಿ ನಿನಗೆ ಗೊತ್ತಿಲ್ಲ. ಎದೆ ಕೆಟ್ಟವರನ್ನು ಕೆಳಗಿನ ಊರಿಗೆ ಕಳಿಸುವಾಗ ಚರ್ಚಿನ ಹಿಂದಿನ ಕೋಣೆಯಲ್ಲಿ ಊಟ ಹಾಕಿಸುತ್ತೇವೆ. ಸಾವಿನ ಮನೆಗೆ ಒಯ್ಯುವಂಥದೇ ಊಟ, ಹುರುಳಿಕಾಯಿ, ಹಂದಿಮಾಂಸ, ಜೋಳದ ಗಂಜಿ. ಮತ್ತೆ ಬಾ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರೂ ಬಂದದ್ದಿಲ್ಲ. ಬೆನ್ನಿಯ ಊಟಕ್ಕೆ ದಿನ ಗೊತ್ತಾಗಿತ್ತು. ನಾನೇ ಬೇಡ ಎಂದೆ. ಇಲ್ಲೇ ಇರು, ನಾನು ನೋಡಿಕೊಳ್ಳುತ್ತೇನೆ ಎಂದೆ. ನೋಡಿಕೊಂಡೆ, ಹದಿನಾಲ್ಕು ತಿಂಗಳು.

ನನ್ನ ದಿನಚರಿಯಲ್ಲಿ ಒಂದೂ ಸುಳ್ಳಿಲ್ಲ. ಮಿಸ್ ಪೆಟ್ರಿ ನನ್ನನ್ನು ಕೇಳಿದ್ದಾಳೆ, ಮೇ ಆದಮೇಲೆ ಅವನನ್ನು ನನ್ನ ಹೆಸರಿಗೇ ಬರೆಸಿಕೊಳ್ಳುತ್ತೀಯಾ ಎಂದು. ಹೂಂ ಎಂದಿದ್ದೇನೆ.

ಎಲೋಯ್ಸಾ


ಪ್ಯೂಬ್ಲೋ
13 ಏಪ್ರಿಲ್ 2019

ಎಲೋಯ್ಸಾ,

ನೀನು ನನ್ನ ಬಗ್ಗೆ ಬರೆದದ್ದೆಲ್ಲ ನಿಜ. ನಾನು ಮಾತ್ರೆ ನುಂಗಿದೆ. ಅವನು ಹೊಟ್ಟೆಯಲ್ಲಿದ್ದಾಗ ನುಂಗಿದೆ, ಅವನು ಒದೆಯುವುದು ಗೊತ್ತಾದಮೇಲೂ ನುಂಗಿದೆ. ಇದನ್ನು ಪ್ರತಿದಿನ ಬೆಳಗ್ಗೆ ಏಳಕ್ಕೆ ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಇವತ್ತಿಗೆ ಇನ್ನೂರ ಎಪ್ಪತ್ತೈದು ಸಲ ಹೇಳಿದ್ದೇನೆ.

ನೀನು ಬೆನ್ನಿಯ ಬಗ್ಗೆ ಎಷ್ಟು ಜನರ ಮುಂದೆ ಹೇಳಿದ್ದೀಯ?

ಅವನನ್ನೂ ಹಾಗೇ ನೋಡಿಕೊಳ್ಳುತ್ತೀಯಾ?

ಮಾರ್ಲಾ


ಸಿಲ್ವರ್ ಗ್ಯಾಪ್
8 ಮೇ 2019

ಮಾರ್ಲಾ,

ನಿನ್ನ ಕಾಗದ ಹರಿದು ಹಾಕಿದೆ. ಕೆಲವೇ ಸಾಲು, ಹರಿದರೂ ಬಾಯಿಗೆ ಬಂದುಬಿಟ್ಟಿತ್ತು. ಮೂರು ವಾರ ಅದನ್ನು ಬೈದುಕೊಂಡೇ ಓಡಾಡಿದೆ. ಪಾತ್ರೆ ತೊಳೆಯುವಾಗ ಬೈದೆ, ಪೈಪು ಎಡವಿದಾಗ ಬೈದೆ.

ಸೋಮವಾರ ಅವನನ್ನು ಕಾರಿನಲ್ಲಿ ಕಟ್ಟಿ ಕೂರಿಸಿ, ಎರಡು ಸಿಲಿಂಡರ್ ಹಾಕಿಕೊಂಡು, ಟ್ವೈಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿದೆ. ಮಗುವನ್ನು ಡಾಕ್ಟರ ಹತ್ತಿರ ಒಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆರು ತಿಂಗಳಲ್ಲಿ ಯಾವ ದಿನ ಬೇಕಾದರೂ ಒಯ್ಯಬಹುದಿತ್ತು.

ಮೊದಲು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿದೆವು. ತೊಂಬತ್ತೈದು. ಟ್ವೈಲಾ ಆಕ್ಸಿಜನ್ನು ಅರ್ಧಕ್ಕೆ ಇಳಿಸಿದಳು. ಕಣಿವೆ ದಾಟಿ ನದಿ ಅಗಲವಾಗುವಲ್ಲಿ ಮತ್ತೆ ನೋಡಿದೆವು, ಅಷ್ಟೇ ಇತ್ತು. ಇನ್ನೂ ಇಳಿಸಿದಳು. ಪ್ಯೂಬ್ಲೋದ ಆಸ್ಪತ್ರೆಯಲ್ಲಿ, ಪರದೆಯಲ್ಲಿ ನೋಡುತ್ತಿದ್ದ ಡಾಕ್ಟರು ತಾವೇ ಬಂದು ಕೆನ್ನೆಯ ಪಟ್ಟಿ ಬಿಡಿಸಿ ಪೈಪು ತೆಗೆದರು. ನಾನು ಅವನ ತುಟಿಯನ್ನೇ ನೋಡುತ್ತಾ ಕೂತೆ. ಕಪ್ಪಾಗಲಿ ಎಂದು ಕಾಯುತ್ತಿದ್ದೆ, ಮಾರ್ಲಾ. ದೇವರು ನನ್ನನ್ನು ಏನು ಬೇಕಾದರೂ ಮಾಡಲಿ, ಒಂದು ಕ್ಷಣ ಹಾಗೆ ಕಾದೆ. ಕಪ್ಪಾಗಲಿಲ್ಲ. ಎರಡು ಗಂಟೆ ಕೂತೆವು. ತೊಂಬತ್ತಮೂರು, ತೊಂಬತ್ತನಾಲ್ಕು. ಹಾಲು ಕುಡಿಯುವಾಗ ತೊಂಬತ್ತೊಂದು. ಪೈಪಿಲ್ಲದ ಅವನ ಮುಖವನ್ನು ನಾನು ಅಲ್ಲಿಯವರೆಗೆ ಪೂರ್ತಿ ನೋಡೇ ಇರಲಿಲ್ಲ. ಬಲಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ. ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಿತ್ತು.

ಡಾಕ್ಟರು ನನ್ನ ಕಡೆ ತಿರುಗಿ, “ನಾನು ಜನವರಿಯಲ್ಲೇ ಹೇಳಿದ್ನಲ್ಲ,” ಎಂದರು. ಹೇಳಿದ್ದರು. “ಅಷ್ಟು ಎತ್ತರದ ಊರಲ್ಲೇ ಇರೋದಾದ್ರೆ ಪೈಪು ಇರಲಿ, ಕೆಳಗೆ ಬಂದ್ರೆ ತೆಗೆದು ನೋಡೋಣ,” ಎಂದಿದ್ದರು. ನಾನು ದಿನಚರಿಯಲ್ಲಿ ‘ಪೈಪು ಇರಲಿ’ ಎಂದು ಬರೆದೆ. ನಿನಗೂ ಅಷ್ಟನ್ನೇ ಬರೆದೆ. ಒಂದೂ ಸುಳ್ಳಿಲ್ಲ ಎಂದು ಜಂಬ ಕೊಚ್ಚಿದೆನಲ್ಲ, ಅದೇ ಸುಳ್ಳು.

ನಿನ್ನೆ ನ್ಯಾಯಾಧೀಶರಿಗೆ ಮೂರು ಪುಟ ಬರೆದು ಕಳಿಸಿದೆ. ನಿನ್ನ ವಾಂತಿ ಯಾತರದೆಂದು ಬರೆದೆ, ರೈಲು ನಿಲ್ದಾಣದ ನನ್ನ ಇಪ್ಪತ್ತು ವರ್ಷದ ಬಗ್ಗೆ ಬರೆದೆ, ಡಾಕ್ಟರು ಹೇಳಿದ್ದನ್ನು ಪೂರ್ತಿ ಬರೆದೆ. ಬೆನ್ನಿಯ ಬಗ್ಗೆಯೂ ಬರೆದೆ, ಅವರು ಕೇಳದಿದ್ದರೂ. ಮಿಸ್ ಪೆಟ್ರಿ ಫೋನಿನಲ್ಲಿ ಕಿರುಚಿದಳು: “ಎಲೋಯ್ಸಾ, ಇನ್ಮೇಲೆ ನಿಮ್ಮನೇಗೆ ಒಂದು ಮಗೂನೂ ಕಳ್ಸಲ್ಲ, ಗೊತ್ತಾಯ್ತಾ?” ಗೊತ್ತಾಯಿತು ಎಂದೆ.

ಕೋಪ ಇನ್ನೂ ಹೋಗಿಲ್ಲ. ನಿನ್ನ ಮೇಲೆ ಇದೆ. ಮಾತ್ರೆಯ ವಿಷಯ ನಾನು ಮರೆಯುವವಳಲ್ಲ. ಕ್ಷಮಿಸು ಎಂದು ಕೇಳುವುದು ನನಗೆ ಬರುವುದಿಲ್ಲ, ಬೆನ್ನಿಯನ್ನೂ ಕೇಳಲಿಲ್ಲ.

ಎಮೆಟ್‌ಗೆ ಎರಡು ಹಲ್ಲು ಬಂದಿವೆ. ಕಚ್ಚುತ್ತಾನೆ, ಜೋಪಾನ.

ಎಲೋಯ್ಸಾ


ಪ್ಯೂಬ್ಲೋ
29 ಜೂನ್ 2019

ಮಿಸೆಸ್ ಆರ್ಚುಲೆಟಾ,

ಅವನು ನನ್ನ ಹತ್ತಿರ ಬಂದು ಹತ್ತೊಂಬತ್ತು ದಿನವಾಯಿತು. ತಾಯಿ ಮಗು ಇಬ್ಬರೇ ಇರುವ ಕೋಣೆ ಕೊಟ್ಟಿದ್ದಾರೆ. ಆಕ್ಸಿಜನ್ ಮಲಗಿದಾಗ ಮಾತ್ರ, ಅದೂ ಎಂಟನೇ ಒಂದು ಲೀಟರು. ಹಗಲೆಲ್ಲ ಮುಖ ಬರಿದು. ಗುಳಿ ನನ್ನದು, ನನಗೂ ಬಲಗಡೆಯೇ ಬೀಳುತ್ತದೆ.

ಮಿಸ್ ಪೆಟ್ರಿ ಅವನನ್ನು ಕೊಟ್ಟು ಹೋಗುವಾಗ ನೀವು ಕಾರಿನಿಂದ ಇಳಿಯಲಿಲ್ಲವಂತೆ, ರಸ್ತೆಯ ಆಚೆಯೇ ಇದ್ದಿರಂತೆ. ಆಮೇಲೆ ಗೊತ್ತಾಯಿತು. ಗೊತ್ತಿದ್ದರೆ ಬಂದು ಕಿಟಕಿಯ ಗಾಜು ಒಡೆಯುತ್ತಿದ್ದೆನೋ, ಏನು ಮಾಡುತ್ತಿದ್ದೆನೋ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನ್ಯಾಯಾಧೀಶರು ಕೋರ್ಟಿನಲ್ಲಿ ನಿಮ್ಮ ಕಾಗದ ಓದಿಸಿದಾಗ ಎಲ್ಲರೂ ಎಂಥ ದೊಡ್ಡ ಮನಸ್ಸು ಎನ್ನುವ ಹಾಗೆ ತಲೆಯಾಡಿಸಿದರು. ನನಗೆ ಮೈ ಉರಿಯಿತು. ಕದ್ದ ಮಾಲು ವಾಪಸು ಕೊಟ್ಟವರಿಗೆ ಹಾರ ಹಾಕುತ್ತಾರಾ? ನನ್ನ ಆರು ತಿಂಗಳು ಎಲ್ಲಿ? ಅವನು ಮೊದಲ ಸಲ ನಕ್ಕದ್ದು ನಿಮ್ಮ ಚಮಚ ನೋಡಿ, ನನ್ನನ್ನು ನೋಡಿ ಅಲ್ಲ. ಅದನ್ನು ಯಾವ ಕೋರ್ಟು ವಾಪಸು ಕೊಡುತ್ತದೆ?

ಈಗ ಕೇಳಿ. ಅವನು ಮಲಗುವುದಿಲ್ಲ. ಮಧ್ಯಾಹ್ನ ಒಂದರಿಂದ ಸಂಜೆಯವರೆಗೆ ಅಳುತ್ತಾನೆ. ಅಂಕಿ ಸರಿಯಿದೆ, ಜ್ವರವಿಲ್ಲ, ಹೊಟ್ಟೆ ತುಂಬಿದೆ. ಇದು ಹಲ್ಲಿನ ಅಳುವೋ, ಹೊಟ್ಟೆಯ ಅಳುವೋ, ಇಲ್ಲ ನಿಮ್ಮನ್ನು ಹುಡುಕುವ ಅಳುವೋ ನನಗೆ ತಿಳಿಯುವುದಿಲ್ಲ. ನಿಮಗೆ ತಿಳಿಯುತ್ತದೆ. ಅದೇ ನನಗೆ ತಡೆಯಲಾರದ ಸಿಟ್ಟು. ನಿನ್ನೆ ಕಿವಿಯ ಹಿಂದೆ ಸವರಿದೆ. ಅಳು ನಿಲ್ಲಿಸಿ ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಬಾಗಿಲ ಕಡೆ ತಿರುಗಿ ಮತ್ತೆ ಅತ್ತ.

ಶನಿವಾರ ಬನ್ನಿ. ಹನ್ನೊಂದಕ್ಕೆ. ನಾನು ನಿಮಗೆ ಹೇಳಬೇಕಾದ್ದು ಇನ್ನೂ ಬಹಳ ಇದೆ, ಕಾಗದದಲ್ಲಿ ಹಿಡಿಯುವಂಥದ್ದಲ್ಲ, ಒಂದೂ ಒಳ್ಳೆಯ ಮಾತಲ್ಲ. ನೀವು ಅವನನ್ನು ಎತ್ತಿಕೊಂಡು ಕೂತು ಬೈಸಿಕೊಳ್ಳಿ. ಅವನು ಮಲಗಿದಮೇಲೆ ನಾನೂ ಒಂದು ಗಂಟೆ ಮಲಗಬೇಕು. ನಾನು ಏಳುವವರೆಗೆ ಹೋಗಬೇಡಿ.

ಮಾರ್ಲಾ